ಗಾಳಿ ಕಂಪ್ರೆಸರ್ ವಿನ್ಯಾಸದಲ್ಲಿ ಸಿಎಫ್‌ಡಿ: ಕೈಲೆಕ್ಕದಿಂದ ಪರೀಕ್ಷಾ ಪೀಠದವರೆಗೆ

ಗಾಳಿಯ ಹರಿವಿನ ಸಮೀಕರಣಗಳನ್ನು ಲಕ್ಷಾಂತರ ಪುಟ್ಟ ಕೋಶಗಳಲ್ಲಿ ಕಂಪ್ಯೂಟರಿನಿಂದ ಬಿಡಿಸುವ ವಿಧಾನವೇ ಕಂಪ್ಯೂಟೇಶನಲ್ ಫ್ಲೂಯಿಡ್ ಡೈನಾಮಿಕ್ಸ್, ಅಂದರೆ ಸಿಎಫ್‌ಡಿ. ಸೆಂಟ್ರಿಫ್ಯೂಗಲ್ ಕಂಪ್ರೆಸರಿನ ವಿನ್ಯಾಸಕ್ಕೆ ಕುಳಿತ ಎಂಜಿನಿಯರುಗಳಲ್ಲಿ ಹೆಚ್ಚಿನವರು ಇಂದು ಮೊದಲು ತೆರೆಯುವುದು ಈ ತಂತ್ರಾಂಶವನ್ನೇ. ಬಣ್ಣಬಣ್ಣದ ಚಿತ್ರವೊಂದು ಸಂಜೆಯೊಳಗೆ ಸಿದ್ಧವಾಗುತ್ತದೆ, ದಕ್ಷತೆ ಶೇ. 88 ಎಂದು ಪರದೆಯ ಮೇಲೆ ಮೂಡುತ್ತದೆ, ಆ ಅಂಕಿ ನೇರವಾಗಿ ವರದಿಗೆ ಸೇರುತ್ತದೆ. ಈ ಲೇಖನ ಬೇರೆ ದಾರಿಯನ್ನು ಸೂಚಿಸುತ್ತದೆ. ಗಾಳಿಯನ್ನು ತಿರುಗಿಸಿ ಹೊರಕ್ಕೆ ಎಸೆಯುವ ಬ್ಲೇಡುಗಳ ಚಕ್ರವೇ ಇಂಪೆಲ್ಲರ್. ಒಂದು ಇಂಪೆಲ್ಲರಿನ ದಕ್ಷತೆ ನಿಖರವಾಗಿ ಎಷ್ಟೆಂದು ಹೇಳುವಾಗ ಸಿಎಫ್‌ಡಿ ಒಂದೆರಡು ಶೇಕಡಾ ಅಂಶ ತಪ್ಪಬಹುದು. ಆದರೆ ಒಂದೇ ಮೆಶ್ (ಕೋಶಗಳ ಜಾಲ), ಒಂದೇ ಭೌತಿಕ ಮಾದರಿ, ಒಂದೇ ಗಡಿ ಷರತ್ತುಗಳಲ್ಲಿ (ಲೆಕ್ಕದ ಅಂಚುಗಳಲ್ಲಿ ಕೊಡುವ ಒತ್ತಡ, ಹರಿವು ಮುಂತಾದವು) ಓಡಿಸಿದ ಎರಡು ಇಂಪೆಲ್ಲರುಗಳ ಪೈಕಿ ಯಾವುದು ಮೇಲು, ಏಕೆ ಮೇಲು ಎಂಬುದನ್ನು ಅದು ಸಾಕಷ್ಟು ನಂಬಿಕೆಯಿಂದ ಹೇಳಬಲ್ಲದು. ಮುಂದಿನ ಹಂತಗಳೆಲ್ಲವೂ ಈ ಒಂದು ಗುಣವನ್ನು ಬಳಸಿಕೊಳ್ಳುವುದಕ್ಕಾಗಿ ಇವೆ.

ವರ್ಕ್‌ಶಾಪುಗಳಲ್ಲಿ ಕಾಣುವ ಪಿಸ್ಟನ್ ಕಂಪ್ರೆಸರುಗಳಿಗೂ ಕಾರ್ಖಾನೆಗಳಲ್ಲಿ ಸಾಮಾನ್ಯವಾದ ಸ್ಕ್ರೂ ಕಂಪ್ರೆಸರುಗಳಿಗೂ ಈ ಕ್ರಮ ಹಾಗೆಯೇ ಒಗ್ಗುವುದಿಲ್ಲ. ಅವುಗಳಲ್ಲಿ ಗಾಳಿ ತುಂಬಿದ ಜಾಗವೇ ಕ್ಷಣಕ್ಷಣಕ್ಕೂ ಕುಗ್ಗುವುದರಿಂದ ಮೆಶ್ ಕೂಡ ಕಾಲದೊಂದಿಗೆ ಬದಲಾಗಬೇಕಾಗುತ್ತದೆ. ಇಲ್ಲಿರುವುದು ಸೆಂಟ್ರಿಫ್ಯೂಗಲ್ ಹಂತವೊಂದರ ವಿಚಾರ ಮಾತ್ರ.

ಅಳೆದು ತೋರಿಸಿದ ಇಂಪೆಲ್ಲರಿನಿಂದ ಆರಂಭಿಸಿ

ನಿಮ್ಮ ಸ್ವಂತ ವಿನ್ಯಾಸವನ್ನು ಲೆಕ್ಕಕ್ಕೆ ಹಾಕುವ ಮೊದಲು, ಪ್ರಯೋಗಾಲಯದಲ್ಲಿ ವಿವರವಾಗಿ ಅಳೆದು ಪ್ರಕಟಿಸಿರುವ ಇಂಪೆಲ್ಲರ್ ಒಂದನ್ನು ಆರಿಸಿಕೊಳ್ಳಿ. 1970ರ ದಶಕದಲ್ಲಿ ಜರ್ಮನಿಯ ಡಿಎಫ್‌ವಿಎಲ್‌ಆರ್ ಸಂಸ್ಥೆಯಲ್ಲಿ (ಈಗಿನ ಡಿಎಲ್‌ಆರ್) ಡೀಟ್ರಿಕ್ ಎಕಾರ್ಟ್ ಅವರು ಲೇಸರ್ ಬಳಸಿ, ತಿರುಗುತ್ತಿರುವ ಇಂಪೆಲ್ಲರಿನ ಒಳಗೇ ಗಾಳಿಯ ವೇಗವನ್ನು ಅಳೆದರು. ಅವರ ‘ಓ’ ಇಂಪೆಲ್ಲರ್ ಇಂದಿಗೂ ಈ ಕೆಲಸಕ್ಕೆ ಅನುಕೂಲವಾದದ್ದು. ಅದರ ವ್ಯಾಸ 400 ಮಿ.ಮೀ., ಬ್ಲೇಡುಗಳು 20, ವಿನ್ಯಾಸ ವೇಗ ನಿಮಿಷಕ್ಕೆ 14,000 ಸುತ್ತು, ಹೊರಬಾಯಿಯ ಅಗಲ 26 ಮಿ.ಮೀ., ಗಾಳಿಯ ಹರಿವು ಸೆಕೆಂಡಿಗೆ ಸುಮಾರು 5.3 ಕಿಲೋಗ್ರಾಂ. ಬ್ಲೇಡುಗಳು ಹೊರಬಾಯಿಯಲ್ಲಿ ನೇರ ತ್ರಿಜ್ಯದ ದಿಕ್ಕಿನಲ್ಲಿ ಮುಗಿಯುತ್ತವೆ, ಅದರಾಚೆಗೆ ವೇನ್‌ಗಳಿಲ್ಲದ (ನಿಂತ ಅಲುಗುಗಳಿಲ್ಲದ) ಡಿಫ್ಯೂಸರ್, ಅಂದರೆ ಗಾಳಿಯ ವೇಗವನ್ನು ಒತ್ತಡವಾಗಿಸುವ ದಾರಿ, ಇದೆ. ಅದೇ ತಂಡ ಮುಂದೆ ಬ್ಲೇಡುಗಳನ್ನು 30 ಮತ್ತು 40 ಡಿಗ್ರಿ ಹಿಂದಕ್ಕೆ ಬಾಗಿಸಿದ ‘ಎ’ ಮತ್ತು ‘ಬಿ’ ಇಂಪೆಲ್ಲರುಗಳನ್ನೂ ಅಳೆಯಿತು. ವ್ಯತ್ಯಾಸವನ್ನು ಹಿಡಿಯುವ ಶಕ್ತಿ ನಿಮ್ಮ ಲೆಕ್ಕಕ್ಕೆ ಇದೆಯೇ ಎಂದು ಪರೀಕ್ಷಿಸಲು ಇಂಥ ಒಂದು ಗುಂಪೇ ಬೇಕು. ಒಂಟಿ ಇಂಪೆಲ್ಲರಿನಿಂದ ಆ ಪರೀಕ್ಷೆ ಆಗುವುದಿಲ್ಲ.

ಮೊದಲು ಕಾಗದದ ಮೇಲೆ

ಕೈಲೆಕ್ಕ ಮಾಡದೆ ಸಿಎಫ್‌ಡಿ ಓಡಿಸಿದವರಿಗೆ ಬಂದ ಉತ್ತರ ಸರಿಯೋ ತಪ್ಪೋ ಎಂದು ತಿಳಿಯುವ ದಾರಿಯೇ ಇರುವುದಿಲ್ಲ. ಆದ್ದರಿಂದ ‘ಓ’ ಇಂಪೆಲ್ಲರಿನ ಲೆಕ್ಕವನ್ನು ಇಲ್ಲಿ ಪೂರ್ತಿಯಾಗಿ ಮಾಡಿ ತೋರಿಸುತ್ತೇನೆ.

ವ್ಯಾಸ ಮತ್ತು ಸುತ್ತಿನ ವೇಗದಿಂದ ಅಂಚಿನ ವೇಗ ಸೆಕೆಂಡಿಗೆ 293 ಮೀಟರ್ ಎಂದು ಸಿಗುತ್ತದೆ. ಗಾಳಿ ಬ್ಲೇಡಿನ ದಿಕ್ಕನ್ನು ಪೂರ್ತಿಯಾಗಿ ಅನುಸರಿಸದೆ ಸ್ವಲ್ಪ ಹಿಂದೆ ಜಾರುತ್ತದೆ. ಈ ಜಾರುವಿಕೆಗೆ ವೀಸ್ನರ್ ಸೂತ್ರವನ್ನು ಹಾಕಿದರೆ 20 ನೇರ ಬ್ಲೇಡುಗಳಿಗೆ ಸ್ಲಿಪ್ ಗುಣಾಂಕ 0.877 ಬರುತ್ತದೆ. ಅಂದರೆ ಹೊರಬರುವ ಗಾಳಿಯ ಸುತ್ತುವೇಗ ಸೆಕೆಂಡಿಗೆ 257 ಮೀಟರ್. ಒಳಬರುವ ಗಾಳಿಗೆ ಸುತ್ತು ಇಲ್ಲವಾದ್ದರಿಂದ ಪ್ರತಿ ಕಿಲೋಗ್ರಾಂ ಗಾಳಿಗೆ ಕೊಟ್ಟ ಕೆಲಸ ಈ ಎರಡು ವೇಗಗಳ ಗುಣಲಬ್ಧ, ಸುಮಾರು 75.4 ಕಿಲೋಜೂಲ್. ಗಾಳಿಯ ಉಷ್ಣ ಧಾರಕತೆಯಿಂದ (ಕಿಲೋಗ್ರಾಂ-ಕೆಲ್ವಿನ್‌ಗೆ 1,005 ಜೂಲ್) ಇದನ್ನು ಭಾಗಿಸಿದರೆ ಒಟ್ಟು ತಾಪಮಾನದ ಏರಿಕೆ 75 ಕೆಲ್ವಿನ್. (ಗಾಳಿಯ ವೇಗದ ಪಾಲನ್ನೂ ಸೇರಿಸಿದ ಮೌಲ್ಯವನ್ನು ‘ಒಟ್ಟು’ ಎಂದೂ ಸೇರಿಸದ್ದನ್ನು ‘ಸ್ಥಿರ’ ಎಂದೂ ಕರೆಯುತ್ತಾರೆ.) ಒಳಗಾಳಿ 288 ಕೆಲ್ವಿನ್‌ನಲ್ಲಿದ್ದು ಇಂಪೆಲ್ಲರಿನ ದಕ್ಷತೆ ಶೇ. 88 ಎಂದು ಹಿಡಿದರೆ ಒಟ್ಟು ಒತ್ತಡದ ಅನುಪಾತ 2.06 ಆಗುತ್ತದೆ. 5.3 ಕಿಲೋಗ್ರಾಂ ಹರಿವಿಗೆ ಬೇಕಾದ ಶಕ್ತಿ 400 ಕಿಲೋವ್ಯಾಟ್, ಅದಕ್ಕೆ ತಕ್ಕ ಟಾರ್ಕ್ 273 ನ್ಯೂಟನ್ ಮೀಟರ್.

ಇಷ್ಟಕ್ಕೆ ನಿಲ್ಲಬಾರದು. ಹೊರಬಾಯಿಯ ವಿಸ್ತೀರ್ಣ 0.0327 ಚದರ ಮೀಟರ್. ಅಲ್ಲಿನ ಸಾಂದ್ರತೆ ತ್ರಿಜ್ಯದ ದಿಕ್ಕಿನ ವೇಗವನ್ನು ಅವಲಂಬಿಸುತ್ತದೆ, ಆ ವೇಗ ಮತ್ತೆ ಸಾಂದ್ರತೆಯನ್ನು ಅವಲಂಬಿಸುತ್ತದೆ. ಹೀಗಾಗಿ ಸೆಕೆಂಡಿಗೆ 100 ಮೀಟರ್ ಎಂದು ಊಹಿಸಿ ಆರಂಭಿಸಿ ಎರಡು ಬಾರಿ ಸುತ್ತಿಸಿದರೆ ವೇಗ ಸುಮಾರು 107 ಮೀಟರಿಗೆ, ಸಾಂದ್ರತೆ ಘನ ಮೀಟರಿಗೆ 1.51 ಕಿಲೋಗ್ರಾಮಿಗೆ ನಿಲ್ಲುತ್ತವೆ. ಆಗ ಸ್ಥಿರ ಒತ್ತಡ ಸುಮಾರು 141 ಕಿಲೋಪ್ಯಾಸ್ಕಲ್ ಮಾತ್ರ, ಒಟ್ಟು ಒತ್ತಡವಾದರೋ 209. ನಡುವಣ 68 ಕಿಲೋಪ್ಯಾಸ್ಕಲ್ ಇನ್ನೂ ವೇಗದ ರೂಪದಲ್ಲಿಯೇ ಇದೆ, ಅದನ್ನು ಒತ್ತಡವಾಗಿ ಪರಿವರ್ತಿಸುವ ಹೊಣೆ ಡಿಫ್ಯೂಸರಿನದು. ಇಂಪೆಲ್ಲರಿನ ಮೇಲೆಯೇ ಎಲ್ಲ ಗಮನವನ್ನು ಸುರಿದು ಡಿಫ್ಯೂಸರನ್ನು ಕೊನೆಯ ವಾರಕ್ಕೆ ಬಿಡುವ ರೂಢಿ ಎಷ್ಟು ದುಬಾರಿ ಎಂಬುದು ಈ ಒಂದು ವ್ಯವಕಲನದಿಂದಲೇ ತಿಳಿಯುತ್ತದೆ.

ಈ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಸಿಎಫ್‌ಡಿಯಿಂದ ಬರುವ ತಾಪಮಾನದ ಏರಿಕೆ 75ರ ಬದಲು 60 ಅಥವಾ 90 ಎಂದು ಬಂದರೆ, ಬ್ಲೇಡಿನ ಗುಣದೋಷವನ್ನು ಚರ್ಚಿಸುವ ಮೊದಲು ನಿಮ್ಮ ಸೆಟಪ್ಪಿನಲ್ಲಿರುವ ದೋಷವನ್ನು ಹುಡುಕಬೇಕು.

ಆಕಾರವೂ ಲೆಕ್ಕದ ವ್ಯಾಪ್ತಿಯೂ

ರೇಖಾಚಿತ್ರದಲ್ಲಿರುವ ಇಂಪೆಲ್ಲರ್ ತಣ್ಣಗೆ ನಿಂತಿರುವ ಇಂಪೆಲ್ಲರ್. ಓಡುವಾಗ ಕೇಂದ್ರಾಪಗಾಮಿ ಬಲದಿಂದಲೂ ಶಾಖದಿಂದಲೂ ಅದು ಹಿಗ್ಗುತ್ತದೆ, ಥ್ರಸ್ಟಿನಿಂದ ಅಕ್ಷದ ಉದ್ದಕ್ಕೆ ತುಸು ಸರಿಯುತ್ತದೆ. ಬ್ಲೇಡಿನ ತುದಿಗೂ ಶ್ರೌಡಿಗೂ (ಬ್ಲೇಡುಗಳನ್ನು ಮುಚ್ಚುವ ಹೊರ ಗೋಡೆ) ನಡುವಿನ ಅಂತರ ಇದರಿಂದ ಬದಲಾಗುತ್ತದೆ. ಸಿಎಫ್‌ಡಿಗೆ ಕೊಡಬೇಕಾದದ್ದು ಓಡುವ ಸ್ಥಿತಿಯ ಅಂತರ. ಈ ಅಂತರವು ಹೊರಬಾಯಿಯ ಅಗಲದ ಶೇ. 1ರಷ್ಟು ಹೆಚ್ಚಿದಾಗಲೆಲ್ಲ ದಕ್ಷತೆ ಕಾಲು ಅಂಶದಿಂದ ಅರ್ಧ ಅಂಶದವರೆಗೆ ಇಳಿಯುತ್ತದೆ ಎಂಬುದು ಈ ವೃತ್ತಿಯಲ್ಲಿ ಬಳಕೆಯಲ್ಲಿರುವ ಅಂದಾಜು. 26 ಮಿ.ಮೀ. ಅಗಲದ ಇಂಪೆಲ್ಲರಿಗೆ 0.3 ಮಿ.ಮೀ. ಅಂತರ ದೊಡ್ಡ ವಿಷಯವೇನಲ್ಲ, 5 ಮಿ.ಮೀ. ಅಗಲದ ಸಣ್ಣ ಇಂಪೆಲ್ಲರಿಗೆ ಅದೇ 0.3 ಮಿ.ಮೀ. ಎಂದರೆ ಶೇ. 6, ದಕ್ಷತೆಯಲ್ಲಿ ಒಂದೂವರೆಯಿಂದ ಮೂರು ಅಂಶಗಳ ನಷ್ಟ. ಸಣ್ಣ ಯಂತ್ರ ಮಾಡುವವರು ಬ್ಲೇಡಿನ ಕೋನವನ್ನು ತಿದ್ದುವ ಮೊದಲು ಈ ಅಂತರವನ್ನು ಯೋಚಿಸುವುದು ಒಳಿತು.

ಬೋಲ್ಟಿನ ತಲೆ, ಅಚ್ಚೊತ್ತಿದ ಅಕ್ಷರ ಮುಂತಾದವನ್ನು ಆಕಾರದಿಂದ ತೆಗೆದುಹಾಕಿ. ಬ್ಲೇಡಿನ ಬುಡದ ಫಿಲೆಟ್ಟನ್ನು (ಮೂಲೆಯ ದುಂಡು ತುಂಬುವಿಕೆ) ಉಳಿಸಿಕೊಳ್ಳುವುದು ಅಪೇಕ್ಷಣೀಯ. ಸಣ್ಣ ಇಂಪೆಲ್ಲರಿನಲ್ಲಿ ಅದು ಹರಿವಿನ ದಾರಿಯ ಗಣನೀಯ ಭಾಗವನ್ನು ನುಂಗುತ್ತದೆ.

20 ಬ್ಲೇಡುಗಳೂ ಒಂದೇ ಬಗೆಯವಾದ್ದರಿಂದ ಒಂದು ಬ್ಲೇಡನ್ನೂ ಅದರ ಸುತ್ತಲಿನ 18 ಡಿಗ್ರಿಯ ದಾರಿಯನ್ನೂ ತೆಗೆದುಕೊಂಡು ಎರಡೂ ಪಕ್ಕಗಳಿಗೆ ಆವರ್ತಕ ಷರತ್ತು (ಒಂದು ಪಕ್ಕದಿಂದ ಹೊರಹೋದದ್ದು ಇನ್ನೊಂದರಿಂದ ಒಳಬರುವಂತೆ) ಹಾಕಿದರೆ ಸಾಕು. ಒಳಬಾಯಿಯ ಗಡಿ ಬ್ಲೇಡಿನಿಂದ ಕನಿಷ್ಠ ಒಂದು ಕಣ್ಣಿನ (ಗಾಳಿ ಒಳಹೋಗುವ ಬಾಯಿಯ) ವ್ಯಾಸದಷ್ಟು ಮುಂಚೆ ಇರಲಿ. ಹೊರಗಡಿಯನ್ನು ಇಂಪೆಲ್ಲರಿನ ಅಂಚಿಗೆ ತಾಗಿಸಬಾರದು. ಅಲ್ಲಿ ಗಾಳಿ ಇನ್ನೂ ಬೆರೆತಿರುವುದಿಲ್ಲ, ಗಡಿಯಲ್ಲಿ ಹಾಕಿದ ಏಕರೂಪದ ಒತ್ತಡ ಬ್ಲೇಡಿನ ಮೇಲಿನ ಹೊರೆಯನ್ನೇ ತಿರುಚಿಬಿಡುತ್ತದೆ. ಇಂಪೆಲ್ಲರಿನ ತ್ರಿಜ್ಯದ ಒಂದೂಮುಕ್ಕಾಲು ಪಟ್ಟಿನವರೆಗಾದರೂ ಡಿಫ್ಯೂಸರನ್ನು ಎಳೆಯಿರಿ. ಅಗಲ ಕಿರಿದಾಗದ ಡಿಫ್ಯೂಸರಿನಲ್ಲಿ ಹೊರಗಡಿಯ ಬಳಿ ಗಾಳಿ ಹಿಂದಕ್ಕೆ ನುಗ್ಗಿ ಲೆಕ್ಕ ಕೆಡುವುದುಂಟು. ಹಾಗಾದಾಗ ನಿಜವಾದ ಡಿಫ್ಯೂಸರ್ ಮುಗಿದ ನಂತರದ ಭಾಗವನ್ನು ಕೃತಕವಾಗಿ ಕಿರಿದುಗೊಳಿಸಬಹುದು, ಆ ಭಾಗದ ಅಂಕಿಗಳನ್ನು ಫಲಿತಾಂಶಕ್ಕೆ ಸೇರಿಸದಿದ್ದರಾಯಿತು. ವೊಲ್ಯೂಟನ್ನು (ಗಾಳಿಯನ್ನು ಒಟ್ಟುಗೂಡಿಸುವ ಸುರುಳಿ ಕವಚ) ಸೇರಿಸುವುದಾದರೆ ಮಾತ್ರ ಪೂರ್ತಿ 360 ಡಿಗ್ರಿ ಬೇಕು. ವಿನ್ಯಾಸದ ಮೊದಲ ಸುತ್ತುಗಳಲ್ಲಿ ಅದರ ಅಗತ್ಯವಿಲ್ಲ.

ಇಂಥ ಒಂದು ದಾರಿಯ ಲೆಕ್ಕಕ್ಕೆ ಭಾರತೀಯ ವಿಜ್ಞಾನ ಸಂಸ್ಥೆಯ ಪರಮ್ ಪ್ರವೇಗದಂಥ ಸೂಪರ್‌ಕಂಪ್ಯೂಟರೇನೂ ಬೇಕಾಗಿಲ್ಲ. ಹದಿನಾರು ಕೋರುಗಳ ಮೇಜಿನ ಯಂತ್ರ ಸಾಕು. ಆನ್ಸಿಸ್ ಸಿಎಫ್‌ಎಕ್ಸ್‌ನಂಥ ಪರವಾನಗಿ ತಂತ್ರಾಂಶ ಇಲ್ಲದವರಿಗೆ ಓಪನ್‌ಫೋಮ್, ಎಸ್‌ಯು2 ಮುಂತಾದ ಮುಕ್ತ ತಂತ್ರಾಂಶಗಳಿವೆ, ಕೇಂಬ್ರಿಡ್ಜಿನ ಜಾನ್ ಡೆಂಟನ್ ಅವರು ಮುಕ್ತವಾಗಿ ಬಿಟ್ಟ ಮಲ್ಟಾಲ್ ಇದೆ. ಓಪನ್‌ಫೋಮಿನಲ್ಲಿ ವೇಗದ ಸಂಪೀಡ್ಯ ಹರಿವನ್ನು ಹತೋಟಿಗೆ ತರಲು ತಾಳ್ಮೆ ಹೆಚ್ಚು ಬೇಕಾಗುತ್ತದೆ ಎಂಬುದನ್ನು ಮಾತ್ರ ಮೊದಲೇ ತಿಳಿದಿರಬೇಕು.

ಮೆಶ್

ಮೆಶ್‌ನಲ್ಲಿ ಮೊದಲು ತೀರ್ಮಾನಿಸಬೇಕಾದದ್ದು ಗೋಡೆಗೆ ಅಂಟಿದ ಮೊದಲ ಕೋಶದ ದಪ್ಪ. ಅದನ್ನೂ ಕೈಯಲ್ಲೇ ಲೆಕ್ಕ ಹಾಕಬಹುದು. ಬ್ಲೇಡಿಗೆ ಸಾಪೇಕ್ಷವಾದ ವೇಗ ಸೆಕೆಂಡಿಗೆ 150 ಮೀಟರ್, ಬ್ಲೇಡಿನ ಉದ್ದ 0.15 ಮೀಟರ್ ಎಂದು ಹಿಡಿಯೋಣ. ಜಡತ್ವಕ್ಕೂ ಸ್ನಿಗ್ಧತೆಗೂ ಇರುವ ಅನುಪಾತವಾದ ರೆನಾಲ್ಡ್ಸ್ ಸಂಖ್ಯೆ 15 ಲಕ್ಷ. ಚಪ್ಪಟೆ ಹಲಗೆಯ ಸೂತ್ರದಿಂದ ಘರ್ಷಣೆಯ ಗುಣಾಂಕ 0.0034, ಘರ್ಷಣ ವೇಗ ಸೆಕೆಂಡಿಗೆ ಸುಮಾರು 6.2 ಮೀಟರ್. ಗೋಡೆಯಿಂದ ಇರುವ ದೂರವನ್ನು ಅಲ್ಲಿನ ಘರ್ಷಣೆಗೆ ಹೋಲಿಸಿ ಅಳೆಯುವ ವೈ-ಪ್ಲಸ್ ಮೌಲ್ಯ 1 ಆಗಬೇಕಾದರೆ ಗೋಡೆಯಿಂದ ಇರಬೇಕಾದ ದೂರ ಸುಮಾರು 2.4 ಮೈಕ್ರಾನ್. ತಲೆಗೂದಲಿನ ದಪ್ಪದ ಇಪ್ಪತ್ತರಲ್ಲೊಂದು ಪಾಲೂ ಇಲ್ಲದ ಇಂಥ ಕೋಶದಿಂದ ಆರಂಭಿಸಿ ಪ್ರತಿ ಪದರವನ್ನೂ ಹಿಂದಿನದಕ್ಕಿಂತ 1.2 ಪಟ್ಟಿಗಿಂತ ಹೆಚ್ಚು ದಪ್ಪವಾಗಲು ಬಿಡದೆ ಬೆಳೆಸಬೇಕು. ವಾಲ್ ಫಂಕ್ಷನ್ (ಗೋಡೆಯ ಹತ್ತಿರದ ಹರಿವನ್ನು ಬಿಡಿಸದೆ ಸೂತ್ರದಿಂದ ಅಂದಾಜಿಸುವ ವಿಧಾನ) ಬಳಸಿ ವೈ-ಪ್ಲಸ್ 30ರ ಮೇಲೆ ಇಟ್ಟರೆ ಕೋಶಗಳು ಬಹಳ ಉಳಿಯುತ್ತವೆ, ಆದರೆ ಗಾಳಿ ಗೋಡೆಯಿಂದ ಬಿಟ್ಟುಹೋಗುವ ಜಾಗವನ್ನು ಗುರುತಿಸುವುದೇ ನಿಮ್ಮ ಉದ್ದೇಶವಾಗಿದ್ದಲ್ಲಿ ಆ ಉಳಿತಾಯ ಉಳಿತಾಯವಲ್ಲ. ವೈ-ಪ್ಲಸ್ 5ರಿಂದ 30ರ ನಡುವೆ ಸಿಕ್ಕಿಕೊಂಡ ಮೆಶ್ ಎರಡೂ ಕಡೆಯ ದೋಷವನ್ನು ಹೊಂದಿರುತ್ತದೆ.

ಆರು ಮುಖಗಳ, ಸಾಲಾಗಿ ಜೋಡಿಸಿದ ಕೋಶಗಳು ಬ್ಲೇಡುಗಳ ನಡುವಿನ ದಾರಿಗೆ ಚೆನ್ನಾಗಿ ಹೊಂದುತ್ತವೆ. ತುದಿಯ ಅಂತರದೊಳಗೆ ಎತ್ತರದ ದಿಕ್ಕಿನಲ್ಲಿ ಕನಿಷ್ಠ 15 ಕೋಶಗಳಿರಲಿ. ಬ್ಲೇಡಿನ ಮೂತಿಯ ದುಂಡನ್ನು ಐದಾರು ಕೋಶಗಳಲ್ಲಿ ಮುಗಿಸಿದರೆ ಅಲ್ಲಿ ಹುಟ್ಟುವ ನಕಲಿ ನಷ್ಟ ಇಡೀ ಬ್ಲೇಡಿನ ಮೇಲೆ ಹರಿದುಬರುತ್ತದೆ.

ಮೂರು ಮೆಶ್‌ಗಳಲ್ಲಿ ಲೆಕ್ಕ ಮಾಡದೆ ಮುಂದುವರಿಯಬೇಡಿ. ಪ್ರತಿ ದಿಕ್ಕಿನಲ್ಲೂ 1.3 ಪಟ್ಟು ಸೂಕ್ಷ್ಮಗೊಳಿಸಿದರೆ ಕೋಶಗಳ ಸಂಖ್ಯೆ 2.2 ಪಟ್ಟು ಏರುತ್ತದೆ. ಉದಾಹರಣೆಗೆ, ಒರಟಾದದ್ದರಲ್ಲಿ ದಕ್ಷತೆ 86.00, ನಡುವಿನದರಲ್ಲಿ 86.85, ಸೂಕ್ಷ್ಮವಾದದ್ದರಲ್ಲಿ 87.35 ಬಂದಿತು ಎಂದುಕೊಳ್ಳಿ. ವ್ಯತ್ಯಾಸಗಳು 0.85 ಮತ್ತು 0.50, ಅವುಗಳ ಅನುಪಾತ 1.7, ಅಂದರೆ ಲೆಕ್ಕ ಎರಡನೆಯ ದರ್ಜೆಯ ನಿಖರತೆಯಲ್ಲಿಯೇ ಸಾಗಿದೆ. ಅದೇ ಗತಿಯಲ್ಲಿ ಮುಂದುವರಿಸಿದರೆ ಉತ್ತರ ಸುಮಾರು 88.06ಕ್ಕೆ ತಲುಪಬೇಕು. ಅಂದರೆ ಅತಿ ಸೂಕ್ಷ್ಮ ಮೆಶ್‌ನಲ್ಲಿಯೂ ಮುಕ್ಕಾಲು ಅಂಶದಷ್ಟು ದೋಷ ಉಳಿದಿದೆ. ಈ ಬಗೆಯ ಲೆಕ್ಕವನ್ನು 1994ರಲ್ಲಿ ಪ್ಯಾಟ್ರಿಕ್ ರೋಶ್ ಅವರು ಒಂದು ಕ್ರಮಬದ್ಧ ಸೂಚಿಯಾಗಿ ರೂಪಿಸಿದರು. ವರದಿಯಲ್ಲಿ ಅದನ್ನು ಕೊಡುವುದು ಒಳ್ಳೆಯ ಅಭ್ಯಾಸ. ಇಲ್ಲಿಯೇ ವ್ಯತ್ಯಾಸದ ತತ್ತ್ವ ಕೆಲಸಕ್ಕೆ ಬರುತ್ತದೆ. ಎರಡು ಬ್ಲೇಡುಗಳಿಗೂ ಒಂದೇ ವಿನ್ಯಾಸದ ಮೆಶ್ ಹಾಕಿದರೆ ಆ ಮುಕ್ಕಾಲು ಅಂಶದ ದೋಷ ಎರಡರಲ್ಲೂ ಹೆಚ್ಚುಕಡಿಮೆ ಸಮನಾಗಿದ್ದು ಕಳೆಯುವಾಗ ಬಹುಪಾಲು ಹೋಗಿಬಿಡುತ್ತದೆ. ಬೇರೆಬೇರೆ ಮೆಶ್ ಹಾಕಿ 0.3 ಅಂಶದ ಸುಧಾರಣೆ ಕಂಡಿತೆಂದು ಹೇಳುವುದಕ್ಕೆ ಅರ್ಥವಿಲ್ಲ.

ಭೌತಿಕ ಮಾದರಿ

ಗಾಳಿಯನ್ನು ಆದರ್ಶ ಅನಿಲವಾಗಿ, ಸಂಪೀಡ್ಯವಾಗಿ, ಶಕ್ತಿಯ ಸಮೀಕರಣದ ಸಮೇತ ತೆಗೆದುಕೊಳ್ಳಿ. ಟರ್ಬುಲೆನ್ಸಿಗೆ (ಗಾಳಿಯ ಅಸ್ತವ್ಯಸ್ತ ಸುಳಿಗಳಿಗೆ) ಫ್ಲೋರಿಯನ್ ಮೆಂಟರ್ ಅವರು 1994ರಲ್ಲಿ ಪ್ರಕಟಿಸಿದ ಕೆ-ಒಮೆಗಾ ಎಸ್‌ಎಸ್‌ಟಿ ಮಾದರಿ ಈ ಕೆಲಸದಲ್ಲಿ ಬಹುತೇಕರ ಆಯ್ಕೆ; 1992ರ ಸ್ಪಲಾರ್ಟ್-ಆಲ್ಮರಾಸ್ ಮಾದರಿ ಹಗುರವಾದದ್ದು, ತಕ್ಕಮಟ್ಟಿಗೆ ಒಳ್ಳೆಯದೂ ಹೌದು. ಯಾವ ಮಾದರಿ ಶ್ರೇಷ್ಠ ಎಂಬ ಚರ್ಚೆಯಲ್ಲಿ ದಿನಗಳನ್ನು ಕಳೆಯುವುದಕ್ಕಿಂತ ಒಂದನ್ನು ಹಿಡಿದು, ಅಳೆದ ಇಂಪೆಲ್ಲರಿನ ಮೇಲೆ ಅದರ ದೋಷ ಎಷ್ಟೆಂದು ತಿಳಿದು, ಕೊನೆಯವರೆಗೆ ಅದನ್ನೇ ಬಳಸುವುದು ಲೇಸು.

ಇಂಪೆಲ್ಲರಿನ ಭಾಗವನ್ನು ತಿರುಗುವ ಚೌಕಟ್ಟಿನಲ್ಲಿ ಬಿಡಿಸಬೇಕು. ಆ ಚೌಕಟ್ಟಿನಲ್ಲಿ ಬ್ಲೇಡು ಮತ್ತು ಹಬ್ (ಬ್ಲೇಡುಗಳು ಕೂತಿರುವ ನಡುಭಾಗ) ನಿಂತಂತಿರುತ್ತವೆ. ತೆರೆದ ಇಂಪೆಲ್ಲರಿನ ಶ್ರೌಡ್ ಮಾತ್ರ ನಿಜದಲ್ಲಿ ನಿಂತಿರುವ ಕವಚವಾದ್ದರಿಂದ ಆ ಚೌಕಟ್ಟಿನಲ್ಲಿ ಅದು ಹಿಮ್ಮುಖವಾಗಿ ತಿರುಗಬೇಕು. ಇದನ್ನು ಮರೆತರೂ ಲೆಕ್ಕ ಸಲೀಸಾಗಿ ಓಡಿ ಚೆಂದದ ಉತ್ತರ ಕೊಡುತ್ತದೆ, ತುದಿಯ ಸೋರಿಕೆ ಮಾತ್ರ ತಪ್ಪಾಗಿರುತ್ತದೆ. ಡಿಫ್ಯೂಸರಿನ ಗೋಡೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ವೇನ್‌ಗಳಿರುವ ಡಿಫ್ಯೂಸರಾದರೆ ಇಂಪೆಲ್ಲರ್ ಮತ್ತು ಡಿಫ್ಯೂಸರ್ ನಡುವೆ ಮಿಕ್ಸಿಂಗ್ ಪ್ಲೇನ್ ಇಟ್ಟು, ಸುತ್ತಿನ ಸರಾಸರಿಯನ್ನು ಮಾತ್ರ ದಾಟಿಸಬೇಕು.

ಗಡಿಗಳಲ್ಲಿ ಏನು ಕೊಡಬೇಕು

ಒಳಗಡಿಯಲ್ಲಿ ಒಟ್ಟು ಒತ್ತಡ, ಒಟ್ಟು ತಾಪಮಾನ, ಹರಿವಿನ ದಿಕ್ಕು, ಟರ್ಬುಲೆನ್ಸಿನ ತೀವ್ರತೆ ಇವಿಷ್ಟು. ಕಂಪ್ರೆಸರ್ ಓಡುವ ಊರಿನ ಗಾಳಿ ಪುಸ್ತಕದ ಗಾಳಿಯಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ವಾಯುಭಾರ ಸುಮಾರು 91 ಕಿಲೋಪ್ಯಾಸ್ಕಲ್. ಮಂಗಳೂರಿನ ಕಡಲ ದಂಡೆಯಲ್ಲಿ ಓಡುವ ಅದೇ ಯಂತ್ರಕ್ಕೆ ಹೋಲಿಸಿದರೆ, ತಾಪಮಾನ ಒಂದೇ ಎಂದುಕೊಂಡಲ್ಲಿ, ಇಲ್ಲಿ ಶೇ. 10ರಷ್ಟು ಕಡಿಮೆ ಗಾಳಿ ಒಳಹೋಗುತ್ತದೆ. ತಾಪಮಾನದ ಪರಿಣಾಮ ಬೇರೆ ಬಗೆಯದು. 288 ಕೆಲ್ವಿನ್‌ನಲ್ಲಿ 14,000 ಸುತ್ತಿಗೆ ಸಮನಾದ ವೇಗ 303 ಕೆಲ್ವಿನ್‌ನಲ್ಲಿ ಸುಮಾರು 14,360 ಸುತ್ತು, ಏಕೆಂದರೆ ಶಬ್ದದ ವೇಗ ತಾಪಮಾನದ ವರ್ಗಮೂಲದಂತೆ ಏರುತ್ತದೆ. ಬೇಸಿಗೆಯ ಗಾಳಿಯಲ್ಲಿ ವೇಗವನ್ನು ಏರಿಸದಿದ್ದರೆ ಒತ್ತಡದ ಅನುಪಾತ ಇಳಿಯುತ್ತದೆ. ಎಲ್ಲ ಹೋಲಿಕೆಗಳನ್ನೂ ಒಳಗಾಳಿಯ ಸ್ಥಿತಿಗೆ ಸರಿಹೊಂದಿಸಿದ, ಅಂದರೆ ಪರಿಷ್ಕೃತ ಹರಿವು ಮತ್ತು ಪರಿಷ್ಕೃತ ವೇಗಗಳಲ್ಲಿಯೇ ಮಾಡುವುದು ಇದಕ್ಕಾಗಿ.

ಹೊರಗಡಿಯಲ್ಲಿ ಸ್ಥಿರ ಒತ್ತಡ ಕೊಡಬೇಕೋ ಹರಿವು ಕೊಡಬೇಕೋ ಎಂಬ ಪ್ರಶ್ನೆಗೆ ಉತ್ತರ ನೀವು ಕಂಪ್ರೆಸರ್ ನಕ್ಷೆಯ (ಹರಿವಿಗೆ ಎದುರಾಗಿ ಒತ್ತಡವನ್ನು ತೋರಿಸುವ ಗೆರೆಗಳ) ಯಾವ ಕಡೆ ಇದ್ದೀರಿ ಎಂಬುದರಲ್ಲಿದೆ. ಚೋಕ್ ಬಳಿ ಗಾಳಿಯ ಹರಿವು ಗರಿಷ್ಠ ಮಿತಿಯನ್ನು ಮುಟ್ಟಿರುತ್ತದೆ, ಹೊರಗಿನ ಒತ್ತಡವನ್ನು ಎಷ್ಟೇ ಇಳಿಸಿದರೂ ಹರಿವು ಬದಲಾಗುವುದಿಲ್ಲ. ಅಲ್ಲಿ ಹರಿವನ್ನು ಕೊಟ್ಟರೆ ಅನೇಕ ಒತ್ತಡಗಳು ಅದೇ ಹರಿವಿಗೆ ಹೊಂದುವುದರಿಂದ ಲೆಕ್ಕ ಗೊಂದಲಕ್ಕೆ ಬೀಳುತ್ತದೆ. ಅಲ್ಲಿ ಒತ್ತಡ ಕೊಡಬೇಕು. ಸರ್ಜ್ (ಹರಿವು ತೀರ ಇಳಿದು ಗಾಳಿ ಹಿಂದೆಮುಂದೆ ಬಡಿಯುವ ಸ್ಥಿತಿ) ಕಡೆಗೆ ಸರಿದಂತೆ ಗೆರೆ ಚಪ್ಪಟೆಯಾಗುತ್ತದೆ, ಶಿಖರ ದಾಟಿದರೆ ಒಂದೇ ಒತ್ತಡಕ್ಕೆ ಎರಡು ಹರಿವುಗಳು ಸಾಧ್ಯ. ಅಲ್ಲಿ ಒತ್ತಡ ಕೊಟ್ಟರೆ ಲೆಕ್ಕ ಜಾರಿ ಬೀಳುತ್ತದೆ, ಹರಿವನ್ನೇ ಕೊಡಬೇಕು. ನಡುವಿನ ಭಾಗದಲ್ಲಿ ಎರಡೂ ನಡೆಯುತ್ತವೆ.

ಓಡಿಸುವುದು ಮತ್ತು ನಿಲ್ಲಿಸುವುದು

ಮೊದಲ ಓಟವನ್ನು ಹೊರಗಿನ ಒತ್ತಡ ಕಡಿಮೆಯಿಟ್ಟು, ಅಂದರೆ ಚೋಕ್ ಕಡೆಯಿಂದ ಆರಂಭಿಸಿ. ಅದು ಸುರಕ್ಷಿತವಾದ ತುದಿ. ವೇಗವನ್ನು ಹಂತಹಂತವಾಗಿ ಪೂರ್ತಿಗೆ ಏರಿಸಿ, ಬಳಿಕ ಒತ್ತಡವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ, ಪ್ರತಿ ಬಿಂದುವಿಗೂ ಹಿಂದಿನ ಬಿಂದುವಿನ ಉತ್ತರವನ್ನೇ ಆರಂಭವಾಗಿ ಬಳಸಿ. ಒಂದು ವೇಗಕ್ಕೆ ಆರೇಳು ಬಿಂದುಗಳು ಸಾಕು, ಆದರೆ ಅವು ಸರ್ಜ್ ಕಡೆಗೆ ದಟ್ಟವಾಗಿರಲಿ.

ರೆಸಿಡ್ಯುಯಲ್‌ಗಳು (ಸಮೀಕರಣಗಳಲ್ಲಿ ಇನ್ನೂ ಉಳಿದಿರುವ ತಪ್ಪು) ಇಳಿದವೆಂದ ಮಾತ್ರಕ್ಕೆ ಲೆಕ್ಕ ಮುಗಿದಂತಲ್ಲ. ಒಳಹೋದ ಹರಿವಿಗೂ ಹೊರಬಂದ ಹರಿವಿಗೂ ವ್ಯತ್ಯಾಸ ಶೇ. 0.1ರೊಳಗಿರಬೇಕು, ದಕ್ಷತೆ, ಒತ್ತಡದ ಅನುಪಾತ, ಟಾರ್ಕ್ ಮೂರೂ ಕೊನೆಯ ಕೆಲವು ನೂರು ಆವರ್ತನಗಳಲ್ಲಿ ಅಲುಗದೆ ನಿಂತಿರಬೇಕು. ಇದರ ಮೇಲೆ ಇನ್ನೊಂದು ತಾಳೆ ಇದೆ. ಟಾರ್ಕನ್ನು ಕೋನವೇಗ 1,466ರಿಂದ ಗುಣಿಸಿದರೆ ಬರುವ ಶಕ್ತಿಯೂ ಹರಿವು, ಉಷ್ಣ ಧಾರಕತೆ, ತಾಪಮಾನದ ಏರಿಕೆಗಳ ಗುಣಲಬ್ಧವೂ ಒಂದೇ ಆಗಿರಬೇಕು. ಒಂದೇ ದಾರಿಯ ಲೆಕ್ಕದಲ್ಲಿ ಟಾರ್ಕ್ 13.6 ನ್ಯೂಟನ್ ಮೀಟರ್ ಎಂದು ಬರುತ್ತದೆ. ಅದನ್ನು 20ರಿಂದ ಗುಣಿಸಿದಾಗ 273. ಎರಡು ಶಕ್ತಿಗಳ ನಡುವೆ ಶೇ. 1ಕ್ಕಿಂತ ಹೆಚ್ಚು ಅಂತರವಿದ್ದರೆ, ಗುಣಿಸುವುದನ್ನು ಮರೆತಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ಲೆಕ್ಕ ಇನ್ನೂ ಪಕ್ವವಾಗಿಲ್ಲವೆಂದೇ ತಿಳಿಯಿರಿ. ವರದಿಗಳನ್ನು ಪರಿಶೀಲಿಸುವವರು ಮೊದಲು ಕೇಳಬೇಕಾದ ಅಂಕಿ ನನ್ನ ಅಭಿಪ್ರಾಯದಲ್ಲಿ ಇದೇ, ಆದರೆ ವರದಿಗಳಲ್ಲಿ ಅಪರೂಪವಾಗಿ ಕಾಣುವುದೂ ಇದೇ.

ಫಲಿತಾಂಶ ಓದುವುದು

ಒಟ್ಟು ಒತ್ತಡ ಮತ್ತು ಒಟ್ಟು ತಾಪಮಾನಗಳ ಸರಾಸರಿಯನ್ನು ಹರಿವಿನ ತೂಕದಲ್ಲಿ ತೆಗೆಯಬೇಕು, ವಿಸ್ತೀರ್ಣದ ತೂಕದಲ್ಲಿ ಅಲ್ಲ. ದಕ್ಷತೆಯ ಅಂಕಿಯ ಪಕ್ಕದಲ್ಲಿ ಅದು ಒಟ್ಟು-ಒಟ್ಟು ದಕ್ಷತೆಯೋ ಒಟ್ಟು-ಸ್ಥಿರ ದಕ್ಷತೆಯೋ, ಯಾವ ತ್ರಿಜ್ಯದಲ್ಲಿ ತೆಗೆದದ್ದು ಎಂಬುದು ಬರೆದಿರಬೇಕು. 75 ಕೆಲ್ವಿನ್ ಏರಿಕೆಯಲ್ಲಿ ಅರ್ಧ ಕೆಲ್ವಿನ್ ತಪ್ಪಿದರೆ ದಕ್ಷತೆ 0.6 ಅಂಶ ಆಚೀಚೆ ಆಗುತ್ತದೆ. ದಶಮಾಂಶದ ನಂತರ ಎರಡು ಸ್ಥಾನ ಬರೆಯುವ ಉತ್ಸಾಹಕ್ಕೆ ಇದು ಕಡಿವಾಣ.

ಅಂಕಿಗಳ ನಂತರ ಚಿತ್ರ. ನೋಡಬೇಕಾದ ಮೊದಲ ಜಾಗ ಬ್ಲೇಡಿನ ಮೂತಿ. ‘ಓ’ ಇಂಪೆಲ್ಲರಿನ ಕಣ್ಣಿನ ವ್ಯಾಸ 280 ಮಿ.ಮೀ., ಅಲ್ಲಿ ಬ್ಲೇಡಿನ ವೇಗ ಸೆಕೆಂಡಿಗೆ 205 ಮೀಟರ್, ಒಳಬರುವ ಗಾಳಿಯದು ಸುಮಾರು 81 ಮೀಟರ್. ಬ್ಲೇಡಿಗೆ ಕಾಣುವ ಗಾಳಿ ಅಕ್ಷದಿಂದ 68 ಡಿಗ್ರಿ ಓರೆಯಾಗಿ ಬರುತ್ತದೆ. ಹರಿವು ಶೇ. 20 ಇಳಿದರೆ ಆ ಕೋನ ಸುಮಾರು 73 ಡಿಗ್ರಿಯಾಗುತ್ತದೆ. ನಾಲ್ಕು ಡಿಗ್ರಿಗೂ ಮಿಕ್ಕ ಈ ಹೆಚ್ಚಳವನ್ನು ಮೂತಿ ತಡೆಯಬೇಕು. ತಡೆಯದಿದ್ದರೆ ಸಕ್ಷನ್ ಬದಿಯಲ್ಲಿ (ಬ್ಲೇಡಿನ ಕಡಿಮೆ ಒತ್ತಡದ ಬದಿ; ಎದುರಿನದು ಪ್ರೆಷರ್ ಬದಿ) ಗಾಳಿ ಅಲ್ಲಿಯೇ ಬಿಟ್ಟುಹೋಗಿ, ಮುಂದಿನ ದಾರಿಯುದ್ದಕ್ಕೂ ಅದರ ಗುರುತು ಉಳಿಯುತ್ತದೆ.

ಎರಡನೆಯ ಜಾಗ ಹೊರಬಾಯಿ. ಎಕಾರ್ಟ್ ಅವರ ಲೇಸರ್ ಅಳತೆಗಳು ತೋರಿಸಿದ್ದು ಇದನ್ನೇ: ದಾರಿಯ ಕೊನೆಯ ಭಾಗದಲ್ಲಿ ಗಾಳಿ ಏಕರೂಪವಾಗಿರದೆ ಎರಡಾಗಿ ಒಡೆದಿರುತ್ತದೆ. ಪ್ರೆಷರ್ ಬದಿಯ ಕಡೆ ರಭಸದ ಜೆಟ್, ಶ್ರೌಡ್ ಮತ್ತು ಸಕ್ಷನ್ ಬದಿ ಸೇರುವ ಮೂಲೆಯ ಕಡೆ ಮಂದಗತಿಯ ವೇಕ್. ನಿಮ್ಮ ಲೆಕ್ಕದಲ್ಲಿ ಮಂದಗತಿಯ ಆ ತುಂಡು ಸರಿಯಾದ ಮೂಲೆಯಲ್ಲಿ, ಸರಿಸುಮಾರು ಸರಿಯಾದ ಗಾತ್ರದಲ್ಲಿ ಕಾಣಿಸಿದರೆ ಒಟ್ಟು ದಕ್ಷತೆ ಒಂದು ಅಂಶ ತಪ್ಪಿದ್ದರೂ ಆ ಸೆಟಪ್ಪನ್ನು ನಂಬಬಹುದು. ದಕ್ಷತೆ ಸರಿಯಾಗಿದ್ದು ವೇಕ್ ತಪ್ಪು ಜಾಗದಲ್ಲಿದ್ದರೆ ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡಿವೆ ಎಂದರ್ಥ. ವೇಗದ ಚಿತ್ರಕ್ಕಿಂತ ಎಂಟ್ರಪಿಯ ಚಿತ್ರ ಇಲ್ಲಿ ಹೆಚ್ಚು ಹೇಳುತ್ತದೆ, ಏಕೆಂದರೆ ನಷ್ಟ ಹುಟ್ಟಿದ ಜಾಗವನ್ನು ಅದು ನೇರವಾಗಿ ತೋರಿಸುತ್ತದೆ.

ಸರ್ಜ್ ಗೆರೆಯನ್ನು ಎಳೆಯುವ ಮುನ್ನ

ಸ್ಥಿರ ಹರಿವಿನ ಲೆಕ್ಕ ಒಂದು ಬಿಂದುವಿನಲ್ಲಿ ಕುಸಿದುಬಿದ್ದರೆ ಅದನ್ನೇ ಸರ್ಜ್ ಎಂದು ನಕ್ಷೆಯಲ್ಲಿ ಗುರುತಿಸುವ ಅಭ್ಯಾಸ ವ್ಯಾಪಕವಾಗಿದೆ, ತಪ್ಪೂ ಆಗಿದೆ. ಲೆಕ್ಕ ಕುಸಿಯಲು ಮೆಶ್, ಗಡಿ ಷರತ್ತು, ಟರ್ಬುಲೆನ್ಸ್ ಮಾದರಿ ಇವುಗಳಲ್ಲಿ ಯಾವುದೂ ಕಾರಣವಾಗಬಹುದು. ಇದಕ್ಕಿಂತ ಮೂಲಭೂತವಾದ ತೊಡಕೆಂದರೆ ಸರ್ಜ್ ಕಂಪ್ರೆಸರ್ ಒಂದರ ಗುಣವೇ ಅಲ್ಲ. ಅದರ ಮುಂದಿರುವ ಪೈಪು, ಟ್ಯಾಂಕು, ವಾಲ್ವುಗಳ ಗಾತ್ರವೂ ಸೇರಿ ಅದನ್ನು ನಿರ್ಧರಿಸುತ್ತವೆ. 1976ರಲ್ಲಿ ಎಡ್ವರ್ಡ್ ಗ್ರೈಟ್ಸರ್ ಅವರು ತೋರಿಸಿದಂತೆ ಅಂಚಿನ ವೇಗ, ಟ್ಯಾಂಕಿನ ಗಾತ್ರ, ಪೈಪಿನ ಉದ್ದ ಮತ್ತು ವಿಸ್ತೀರ್ಣ ಸೇರಿದ ‘ಬಿ’ ಎಂಬ ಒಂದು ಸಂಖ್ಯೆ ದೊಡ್ಡದಾದರೆ ಇಡೀ ವ್ಯವಸ್ಥೆ ಸರ್ಜ್‌ಗೆ ಹೋಗುತ್ತದೆ, ಚಿಕ್ಕದಾದರೆ ಅದೇ ಕಂಪ್ರೆಸರ್ ತಿರುಗುವ ಸ್ಟಾಲಿನಲ್ಲಿ (ಕೆಲವು ದಾರಿಗಳಲ್ಲಿ ಮಾತ್ರ ಹರಿವು ಕುಸಿದು ಆ ಕುಸಿತ ಸುತ್ತುವ ಸ್ಥಿತಿ) ನಿಲ್ಲುತ್ತದೆ. ಒಂದು ದಾರಿಯ ಸಿಎಫ್‌ಡಿಗೆ ಟ್ಯಾಂಕಿನ ಸುಳಿವೇ ಇಲ್ಲ. ಆದ್ದರಿಂದ ಒತ್ತಡದ ಗೆರೆ ಶಿಖರ ಮುಟ್ಟುವ ಹರಿವನ್ನು ಎಚ್ಚರಿಕೆಯ ಗೆರೆಯಾಗಿ ಇಟ್ಟುಕೊಂಡು, ನಿಜವಾದ ಮಿತಿಯನ್ನು ಪರೀಕ್ಷೆಗೆ ಬಿಡಬೇಕು.

ಬದಲಿಸಿ ಹೋಲಿಸುವುದು

ಅಳೆದ ಇಂಪೆಲ್ಲರಿನಲ್ಲಿ ಸೆಟಪ್ ಸಾಬೀತಾದ ಮೇಲೆ ನಿಮ್ಮ ವಿನ್ಯಾಸದ ಸರದಿ. ಒಮ್ಮೆಗೆ ಒಂದನ್ನೇ ಬದಲಿಸಿ. ಹಿಂಬಾಗುವಿಕೆಯನ್ನೇ ನೋಡಿ. ‘ಓ’ ಇಂಪೆಲ್ಲರಿನ ಬ್ಲೇಡುಗಳನ್ನು 30 ಡಿಗ್ರಿ ಹಿಂದಕ್ಕೆ ಬಾಗಿಸಿ ಉಳಿದುದೆಲ್ಲವನ್ನೂ ಹಾಗೆಯೇ ಇಟ್ಟರೆ ಕೈಲೆಕ್ಕದಲ್ಲಿ ಕೆಲಸ 75.4ರಿಂದ ಸುಮಾರು 58 ಕಿಲೋಜೂಲಿಗೆ ಇಳಿಯುತ್ತದೆ. ಮೊದಲಿನ ಕೆಲಸವೇ ಬೇಕೆಂದರೆ ಅಂಚಿನ ವೇಗವನ್ನು 329 ಮೀಟರಿಗೆ, ಅಂದರೆ ಶೇ. 12ರಷ್ಟು ಏರಿಸಬೇಕು, ಲೋಹದೊಳಗಿನ ಒತ್ತಡ (ಸ್ಟ್ರೆಸ್) ವೇಗದ ವರ್ಗದಂತೆ ಏರುವುದರಿಂದ ಅದು ಶೇ. 26ರಷ್ಟು ಹೆಚ್ಚುತ್ತದೆ. ಇಷ್ಟು ಬೆಲೆ ತೆತ್ತೂ ಇಂದಿನ ಕೈಗಾರಿಕಾ ಇಂಪೆಲ್ಲರುಗಳು ಹಿಂಬಾಗಿಯೇ ಇರುವುದಕ್ಕೆ ಕಾರಣವಿದೆ. ಹರಿವು ಇಳಿದಂತೆ ಹಿಂಬಾಗಿದ ಬ್ಲೇಡು ಹೆಚ್ಚು ಕೆಲಸ ಮಾಡಿ ಒತ್ತಡವನ್ನು ಏರಿಸುತ್ತದೆ, ಗೆರೆಗೆ ಇಳಿಜಾರು ಸಿಗುತ್ತದೆ, ಯಂತ್ರ ಹೆಚ್ಚು ವ್ಯಾಪ್ತಿಯಲ್ಲಿ ಸ್ಥಿರವಾಗಿ ಓಡುತ್ತದೆ. ಡಿಫ್ಯೂಸರಿಗೆ ಹೋಗುವ ಗಾಳಿಯ ವೇಗವೂ ತಗ್ಗುತ್ತದೆ. ಸಿಎಫ್‌ಡಿ ಈಗ ಹೇಳಬೇಕಾದದ್ದು ಈ ಲಾಭ ಎಷ್ಟು ಎಂಬುದನ್ನು, ವೇಕ್ ಎಷ್ಟು ಕುಗ್ಗಿತು ಎಂಬುದನ್ನು. ಲೋಹ ತಾಳುತ್ತದೆಯೇ ಎಂಬುದಕ್ಕೆ ಬೇರೆ ಲೆಕ್ಕ ಬೇಕು, ಬ್ಲೇಡಿನ ಕಂಪನಕ್ಕೂ ಬೇರೆಯದೇ ಬೇಕು. ಇವೆರಡನ್ನೂ ಬಿಟ್ಟು ಗಾಳಿಯ ದಕ್ಷತೆಯೊಂದನ್ನೇ ಏರಿಸುವಂತೆ ಆಪ್ಟಿಮೈಸರಿಗೆ ಹೇಳಿದರೆ ಅದು ಕಾಗದದಷ್ಟು ತೆಳ್ಳಗಿನ ಬ್ಲೇಡನ್ನು ತಂದುಕೊಡುತ್ತದೆ.

ಪರೀಕ್ಷಾ ಪೀಠದಲ್ಲಿ

ಬ್ಲೇಡಿನ ದಾರಿಯ ಲೆಕ್ಕದಲ್ಲಿ ಇಂಪೆಲ್ಲರಿನ ಬೆನ್ನಿನ ಘರ್ಷಣೆ, ಸೀಲಿನ ಸೋರಿಕೆ, ವೊಲ್ಯೂಟಿನ ನಷ್ಟ, ಬೇರಿಂಗ್ ಮತ್ತು ಗೇರುಗಳ ನಷ್ಟ ಯಾವುದೂ ಇಲ್ಲ. ಇವನ್ನು ಪ್ರತ್ಯೇಕವಾಗಿ ಅಂದಾಜಿಸಿ ಕಳೆದ ನಂತರವೇ ಪರೀಕ್ಷೆಯ ಅಂಕಿಯ ಪಕ್ಕದಲ್ಲಿ ಸಿಎಫ್‌ಡಿಯ ಅಂಕಿಯನ್ನು ಇಡಬೇಕು. ಟರ್ಬೊ ಕಂಪ್ರೆಸರುಗಳ ಪರೀಕ್ಷೆಗೆ ಐಎಸ್‌ಒ 5389 ಮತ್ತು ಎಎಸ್‌ಎಂಇ ಪಿಟಿಸಿ 10 ಎಂಬ ಸಂಹಿತೆಗಳಿವೆ. ಸ್ಕ್ರೂ ಮತ್ತು ಪಿಸ್ಟನ್ ಯಂತ್ರಗಳಿಗಿರುವ ಐಎಸ್‌ಒ 1217 ಇಲ್ಲಿಗೆ ಅನ್ವಯಿಸುವುದಿಲ್ಲ.

ಪರೀಕ್ಷೆಗೆ ಹೋಗುವ ಮುನ್ನ ಸಿಎಫ್‌ಡಿಯ ನಕ್ಷೆಯನ್ನು ಮುದ್ರಿಸಿ, ದಿನಾಂಕ ಹಾಕಿ, ಸಹಿ ಮಾಡಿ ಇಡಿ. ಅಳತೆ ಬಂದ ಮೇಲೆ ಮಾದರಿಯನ್ನು ತಿದ್ದಿ ಹೊಂದಿಸುವುದು ಸುಲಭ, ಅದರಿಂದ ಮುಂದಿನ ಇಂಪೆಲ್ಲರಿಗೆ ಏನೂ ಸಿಗುವುದಿಲ್ಲ. ಹೋಲಿಸುವಾಗ ಮೊದಲು ತಾಪಮಾನದ ಏರಿಕೆಯನ್ನು, ಅನಂತರ ಒತ್ತಡವನ್ನು, ಕೊನೆಯಲ್ಲಿ ದಕ್ಷತೆಯನ್ನು ನೋಡಿ. ತಾಪಮಾನ ಹೊಂದಿ ಒತ್ತಡ ಹೊಂದದಿದ್ದರೆ ದೋಷ ನಷ್ಟದ ಅಂದಾಜಿನಲ್ಲಿದೆ. ತಾಪಮಾನವೇ ಹೊಂದದಿದ್ದರೆ ಸ್ಲಿಪ್, ತುದಿಯ ಅಂತರ, ಮರುಹರಿವು ಅಥವಾ ಥರ್ಮೋಕಪಲ್ಲಿಗೆ ಕವಚದಿಂದ ತಗುಲಿದ ಶಾಖ ಇವುಗಳಲ್ಲಿ ಹುಡುಕಬೇಕು. ಎರಡು ಇಂಪೆಲ್ಲರುಗಳನ್ನು ಅದೇ ಪೀಠದಲ್ಲಿ, ಅದೇ ಕವಚದಲ್ಲಿ ಪರೀಕ್ಷಿಸುವ ಅವಕಾಶವಿದ್ದರೆ ಅದನ್ನು ಬಿಡಬೇಡಿ: ಅವೆರಡರ ನಡುವೆ ಅಳೆದ ವ್ಯತ್ಯಾಸವನ್ನು ಲೆಕ್ಕದ ವ್ಯತ್ಯಾಸದ ಪಕ್ಕದಲ್ಲಿ ಬರೆದು, ಮುಂದಿನ ವಿನ್ಯಾಸದ ಕಡತದ ಮೊದಲ ಪುಟಕ್ಕೆ ಲಗತ್ತಿಸಿ.